ಗುಂಡಿ ಒತ್ತಿದರೂ ಏಳದ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನ ಪತ್ರಗಳ ಸಾರ ಒಂದೇ: "ಆನ್ ಆಗ್ತಿಲ್ಲ, ಯಾವ ಪಾರ್ಟ್ ಬದಲಿಸಲಿ?" ಆದರೆ ಗುಂಡಿ ಒತ್ತಿದಾಗ ಏನೂ ಅಲುಗಾಡದಿರುವುದು ಒಂದು ತೊಂದರೆ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುವುದು ಇನ್ನೊಂದು, ಫ್ಯಾನ್ ತಿರುಗುತ್ತಲೇ ಇದ್ದರೂ ಪರದೆ ಕಪ್ಪಾಗಿರುವುದು ಮತ್ತೊಂದು. ಮೂರರ ಕಾರಣಗಳೂ ಬೇರೆ, ಹುಡುಕುವ ಜಾಗವೂ ಬೇರೆ. ಯಾವುದು ಅಂತ ಗೊತ್ತಾಗುವ ಮೊದಲು ದುಡ್ಡು ಬಿಚ್ಚಬೇಡಿ. ಕೈಯಲ್ಲಿ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಮುಕ್ಕಾಲು ಕೆಲಸ ಆದಂತೆ.

ಪ್ರಶ್ನೆ: ಐ5-12400 ಪ್ರೊಸೆಸರ್, ಬಿ660 ಬೋರ್ಡ್ (ಮದರ್‌ಬೋರ್ಡ್), 550 ವ್ಯಾಟ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಒದಗಿಸುವ ಪೆಟ್ಟಿಗೆ) ತರಿಸಿ ಜೋಡಿಸಿದೆ. ಗುಂಡಿ ಒತ್ತಿದರೆ ಸದ್ದೂ ಇಲ್ಲ, ಲೈಟೂ ಇಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ಬೋರ್ಡ್ ಹೋಗಿರಬೇಕು ಅನ್ನುತ್ತಾರೆ. ವಾಪಸ್ ಕಳಿಸಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿನೋಬನಗರ, ಶಿವಮೊಗ್ಗ

ಈಗಲೇ ಬೇಡ. ಹೊಸ ಬೋರ್ಡ್ ಸತ್ತೇ ಬರುವುದಕ್ಕಿಂತ ಒಂದು ವೈರ್ ತಪ್ಪು ಜಾಗದಲ್ಲಿ ಕೂತಿರುವುದು ಎಷ್ಟೋ ಪಾಲು ಹೆಚ್ಚು. ಗೋಡೆಯಿಂದ ಶುರುಮಾಡಿ ಒಳಗೆ ಬನ್ನಿ.

ಎಕ್ಸ್‌ಟೆನ್ಷನ್ ಬಾಕ್ಸ್ ಮತ್ತು ಯುಪಿಎಸ್ ಎರಡನ್ನೂ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಅದೇ ಸಾಕೆಟ್‌ನಲ್ಲಿ ಟೇಬಲ್ ಲ್ಯಾಂಪ್ ಉರಿಯುತ್ತದೆಯೇ ನೋಡಿ. ಪವರ್ ಕಾರ್ಡ್ ಬದಲಿಸಿ; ಹೆಚ್ಚಿನ ಮಾನಿಟರ್‌ಗಳ ಕಾರ್ಡ್ ಇದಕ್ಕೂ ಆಗುತ್ತದೆ. ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್‌ನಲ್ಲಿ ಗೆರೆ ಗುರುತಿನ ಬದಿ ಒತ್ತಿರಬೇಕು, ಸೊನ್ನೆಯದ್ದಲ್ಲ. ನಗಬೇಡಿ, ಎಷ್ಟೋ ಹೊಸ ಜೋಡಣೆಗಳ ರೋಗ ಇಲ್ಲೇ ಮುಗಿಯುತ್ತದೆ. ಹಳೆಯ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 115/230 ಅಂತ ಚಿಕ್ಕ ಕೆಂಪು ಸ್ವಿಚ್ ಕೂಡ ಇರುತ್ತದೆ. ಅದು 230ರಲ್ಲೇ ಇರಲಿ. 115ಕ್ಕೆ ಸರಿಸಿ ನಮ್ಮ ಕರೆಂಟ್ ಕೊಟ್ಟರೆ ಢಂ ಅಂದು ಹೋಗುತ್ತದೆ.

ಮುಂದಿನದು ಸ್ಟ್ಯಾಂಡ್‌ಬೈ ವೋಲ್ಟೇಜ್. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಗುಂಡಿ ಕೆಲಸ ಮಾಡುವುದೇ ಅದರ ಬಲದಿಂದ. ದೊಡ್ಡ 24 ಪಿನ್ ಕನೆಕ್ಟರ್‌ನ ನೇರಳೆ ತಂತಿ, ಅಂದರೆ 9ನೇ ಪಿನ್ ಇದರದ್ದು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ಕನೆಕ್ಟರ್‌ನ ಬೆನ್ನಿನಿಂದ ನೇರಳೆ ತಂತಿಯ ತೂತಿಗೆ ತಾಗಿಸಿ. 4.75ರಿಂದ 5.25ರ ಒಳಗೆ ಬಂದರೆ ಸರಿ. ಏನೂ ಬಾರದಿದ್ದರೆ ಸ್ವಿಚ್ ಆಫ್ ಮಾಡಿ, 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ಎರಡನ್ನೂ ಬೋರ್ಡ್‌ನಿಂದ ಕಿತ್ತು, ಮತ್ತೆ ಆನ್ ಮಾಡಿ ಅಳೆಯಿರಿ. ಕಿತ್ತ ಮೇಲೆ 5 ವೋಲ್ಟ್ ಬಂದರೆ ಬೋರ್ಡ್ ಅಥವಾ ಅದಕ್ಕೆ ಸಿಕ್ಕಿಸಿದ ಯಾವುದೋ ಭಾಗ ಶಾರ್ಟ್ ಆಗಿದೆ. ಕಿತ್ತರೂ ಬಾರದಿದ್ದರೆ ಎಸ್‌ಎಂಪಿಎಸ್ ಹೋಗಿದೆ.

5 ವೋಲ್ಟ್ ಸರಿಯಾಗಿದ್ದು ಗುಂಡಿ ಮಾತ್ರ ಕೇಳುತ್ತಿಲ್ಲ ಅಂದರೆ ಬೋರ್ಡ್‌ನ ಕೆಳ ಅಂಚಿನ ಫ್ರಂಟ್ ಪ್ಯಾನಲ್ ಪಿನ್‌ಗಳನ್ನು ನೋಡಿ. ಐದೈದರ ಎರಡು ಸಾಲು, ಒಂದು ಮೂಲೆಯಲ್ಲಿ ಪಿನ್ ಇರುವುದಿಲ್ಲ. ಆ ಖಾಲಿ ಮೂಲೆಯ ಸಾಲಿನಲ್ಲೇ, ಖಾಲಿಗೆ ತಾಗಿಕೊಂಡ ಎರಡು ಪಿನ್ ಪವರ್ ಸ್ವಿಚ್‌ನದು. ಅದರಾಚೆಯ ಎರಡು ಪವರ್ ಲೈಟ್‌ನದು. ಈಗಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಹೀಗೇ ಇದ್ದರೂ ಮ್ಯಾನ್ಯುಯಲ್‌ನ ಚಿತ್ರ ಒಮ್ಮೆ ನೋಡಿಕೊಳ್ಳಿ. ಸ್ವಿಚ್‌ನ ವೈರ್ ಹಿಂದುಮುಂದಾದರೆ ತೊಂದರೆಯಿಲ್ಲ, ಲೈಟ್‌ನದು ಹಿಂದುಮುಂದಾದರೆ ಲೈಟ್ ಉರಿಯುವುದಿಲ್ಲ, ಅಷ್ಟೇ. ಸ್ವಿಚ್ ವೈರ್ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನ ತುದಿಯಿಂದ ಒಂದು ಕ್ಷಣ ಸೇರಿಸಿ ಮುಟ್ಟಿಸಿ ಬಿಡಿ. ಯಂತ್ರ ಎದ್ದರೆ ಕ್ಯಾಬಿನೆಟ್‌ನ ಗುಂಡಿ ಕೆಟ್ಟಿದೆ. ಸದ್ಯಕ್ಕೆ ರೀಸೆಟ್ ಗುಂಡಿಯ ವೈರನ್ನು ಅಲ್ಲಿಗೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ.

ಅದಕ್ಕೂ ಏಳದಿದ್ದರೆ ಕ್ಲಿಪ್ ಪರೀಕ್ಷೆ. ಎಸ್‌ಎಂಪಿಎಸ್‌ನ ಎಲ್ಲ ವೈರ್‌ಗಳನ್ನೂ ಕಂಪ್ಯೂಟರ್‌ನಿಂದ ಬಿಡಿಸಿ, ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಒಂದನ್ನು ಸಿಕ್ಕಿಸಿ. ಪವರ್ ಕಾರ್ಡ್ ಕಿತ್ತಿರುವಾಗಲೇ 24 ಪಿನ್‌ನ ಹಸಿರು ತಂತಿಯನ್ನೂ ಪಕ್ಕದ ಕಪ್ಪು ತಂತಿಯನ್ನೂ ಪೇಪರ್ ಕ್ಲಿಪ್‌ನಿಂದ ಜೋಡಿಸಿ, ಆಮೇಲೆ ಕಾರ್ಡ್ ಹಾಕಿ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳೆಲ್ಲ ಕಪ್ಪು. ಆಗ ಕೊಂಡಿ ಇರುವ ಬದಿಯ ಸಾಲಿನಲ್ಲಿ ತಂತಿಯೇ ಇಲ್ಲದ ಒಂದು ಮನೆ ಹುಡುಕಿ. ಅದು 20ನೇ ಪಿನ್. ಆ ಖಾಲಿ ಮನೆಯ ಒಂದು ಪಕ್ಕ ನಾಲ್ಕು ಮನೆ, ಇನ್ನೊಂದು ಪಕ್ಕ ಏಳು ಮನೆ ಇರುತ್ತವೆ. ಏಳು ಮನೆ ಇರುವ ಕಡೆಗೆ ಎಣಿಸಿದರೆ ನಾಲ್ಕನೆಯದೇ 16ನೇ ಪಿನ್, ಹಸಿರಿನ ಜಾಗ. ಅದರ ಎರಡೂ ಪಕ್ಕದಲ್ಲಿರುವುದು ನೆಲ ತಂತಿಗಳು.

ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಲಿಲ್ಲ ಅಂತ ಮಾತ್ರ ತೀರ್ಪು ಕೊಡಬೇಡಿ. ಕಡಿಮೆ ಲೋಡ್‌ನಲ್ಲಿ ಫ್ಯಾನ್ ನಿಲ್ಲಿಸಿಕೊಂಡೇ ಇರುವ ಮಾದರಿಗಳು ಈಗ ಬಹಳ. ಮೀಟರಿನಿಂದಲೇ ನೋಡಿ: ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47, ಬೂದು ತಂತಿಯಲ್ಲಿ 5 ವೋಲ್ಟ್ ಆಸುಪಾಸು. ಬೂದು ತಂತಿ ಮುಖ್ಯ: ಉಳಿದ ವೋಲ್ಟೇಜ್‌ಗಳು ನೆಲೆನಿಂತವು ಅಂತ ಎಸ್‌ಎಂಪಿಎಸ್ ಬೋರ್ಡ್‌ಗೆ ತಿಳಿಸುವುದು ಅದರ ಮೂಲಕ. ಉಳಿದೆಲ್ಲ ಸರಿಯಿದ್ದು ಬೂದು ಸೊನ್ನೆ ತೋರಿಸಿದರೂ ಯಂತ್ರ ಏಳುವುದಿಲ್ಲ. ಈ ಪರೀಕ್ಷೆಯಲ್ಲಿ ಫೇಲಾದ ಎಸ್‌ಎಂಪಿಎಸ್ ಖಂಡಿತ ಕೆಟ್ಟಿದೆ. ಪಾಸಾದದ್ದು ಲೋಡ್ ಬಿದ್ದಾಗಲೂ ನಿಲ್ಲುತ್ತದೆ ಅನ್ನುವ ಖಾತರಿ ಮಾತ್ರ ಇಲ್ಲ.

ಇದೆಲ್ಲ ಸರಿಯಿದ್ದೂ ಬೋರ್ಡ್ ಏಳದಿದ್ದರೆ ವಾಪಸ್ ಕಳಿಸಿ.

ಪ್ರಶ್ನೆ: ಗುಂಡಿ ಒತ್ತಿದರೆ ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಲ್ಲುತ್ತದೆ. ಎರಡು ಸೆಕೆಂಡ್ ಬಿಟ್ಟು ತಾನಾಗಿಯೇ ಮತ್ತೆ ತಿರುಗಿ ನಿಲ್ಲುತ್ತದೆ. ಹಳೆಯ ಕ್ಯಾಬಿನೆಟ್‌ಗೆ ಹೊಸ ಮೈಕ್ರೋ ಎಟಿಎಕ್ಸ್ (ಚಿಕ್ಕ ಅಳತೆಯ) ಬೋರ್ಡ್ ಹಾಕಿದ ಮೇಲೆ ಹೀಗೆ.
– ಓದುಗರು, ಸಾಗರ

"ಹಳೆಯ ಕ್ಯಾಬಿನೆಟ್‌ಗೆ ಹೊಸ ಬೋರ್ಡ್" ಅಂತ ಬರೆದು ಒಳ್ಳೆಯದು ಮಾಡಿದಿರಿ. ಬೋರ್ಡ್ ಕೂರುವ ತಗಡಿನ ಮೇಲೆ ಹಿತ್ತಾಳೆಯ ಚಿಕ್ಕ ಸ್ಟ್ಯಾಂಡ್‌ಆಫ್‌ಗಳಿರುತ್ತವಲ್ಲ, ಅವು ಹಿಂದಿನ ದೊಡ್ಡ ಬೋರ್ಡ್‌ನ ತೂತುಗಳಿಗೆ ತಕ್ಕಂತೆ ಕೂತಿವೆ. ಹೊಸ ಬೋರ್ಡ್‌ನಲ್ಲಿ ತೂತೇ ಇಲ್ಲದ ಜಾಗದಲ್ಲಿ ಒಂದು ಉಳಿದಿದ್ದರೂ ಅದರ ತಲೆ ಬೋರ್ಡ್‌ನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ. ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ತಕ್ಷಣ ಆಫ್ ಆಗುತ್ತದೆ. ಬೋರ್ಡ್ ಬಿಚ್ಚಿ ತೂತುಗಳನ್ನೂ ಸ್ಟ್ಯಾಂಡ್‌ಆಫ್‌ಗಳನ್ನೂ ಒಂದೊಂದಾಗಿ ತಾಳೆ ನೋಡಿ, ಹೆಚ್ಚುವರಿಯನ್ನು ಪ್ಲೈಯರ್‌ನಿಂದ ತಿರುಗಿಸಿ ತೆಗೆಯಿರಿ. ಬೋರ್ಡ್‌ನ ಕೆಳಗೆ ಸ್ಕ್ರೂ ಬಿದ್ದು ಉರುಳಾಡುತ್ತಿದೆಯೇ ಅಂತ ಕ್ಯಾಬಿನೆಟ್ ಅಲುಗಿಸಿ ಕೇಳಿ.

ಹೇಗೂ ಬೋರ್ಡ್ ಹೊರಗೆ ಬಂದಿದೆ, ಹೊರಗೇ ಒಮ್ಮೆ ಆನ್ ಮಾಡಿ ನೋಡಿಬಿಡಿ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೆ ಅದನ್ನಿಡಿ. ಬೆಳ್ಳಿ ಬಣ್ಣದ ಆ್ಯಂಟಿಸ್ಟಾಟಿಕ್ ಚೀಲದ ಮೇಲೆ ಬೇಡ, ಅದರ ಮೈ ಅಷ್ಟಿಷ್ಟು ವಿದ್ಯುತ್ ಹರಿಸುವಂಥದ್ದು. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್, 24 ಪಿನ್, ಮೇಲಿನ ಎಡ ಮೂಲೆಯ 8 ಪಿನ್. ಇಷ್ಟೇ ಸಾಕು, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಯುಎಸ್‌ಬಿ ಏನೂ ಬೇಡ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ. ಕೂಲರ್ ಇಲ್ಲದೆ ಮಾತ್ರ ಎಬ್ಬಿಸಬೇಡಿ. ಡಬ್ಬದ ಮೇಲೆ ನೆಟ್ಟಗೆ ಓಡಿ ಕ್ಯಾಬಿನೆಟ್‌ನಲ್ಲಿ ಸಾಯುತ್ತದೆ ಅಂದರೆ ತಪ್ಪು ಕ್ಯಾಬಿನೆಟ್‌ನದು: ಸ್ಟ್ಯಾಂಡ್‌ಆಫ್, ಇಲ್ಲವೇ ಮುಂಬದಿ ಯುಎಸ್‌ಬಿಯ ಬಾಗಿದ ಪಿನ್, ಇಲ್ಲವೇ ಒಳಗೇ ಅಂಟಿಕೊಂಡ ಪವರ್ ಗುಂಡಿ. ಗುಂಡಿ ಒತ್ತಿದಂತೆಯೇ ಕೂತರೆ ಮೂರ‍್ನಾಲ್ಕು ಸೆಕೆಂಡಿಗೆ ಬೋರ್ಡ್ ತಾನೇ ಆಫ್ ಆಗುತ್ತದೆ. ಮಳೆಗಾಲದಲ್ಲಿ ಅಗ್ಗದ ಕ್ಯಾಬಿನೆಟ್‌ಗಳ ಗುಂಡಿಯ ಸ್ಪ್ರಿಂಗ್ ತುಕ್ಕು ಹಿಡಿದು ಹೀಗಾಗುವುದುಂಟು.

ಡಬ್ಬದ ಮೇಲೂ ಅದೇ ಕತೆ ಅಂದರೆ ರ‍್ಯಾಮ್ ಕೂಡ ತೆಗೆದು ನೋಡಿ. ರ‍್ಯಾಮ್ ಇಲ್ಲದಿದ್ದರೆ ಪರದೆ ಬರುವುದಿಲ್ಲ, ಆದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರಬೇಕು. ಹಾಗೆ ತಿರುಗಿದರೆ ರ‍್ಯಾಮ್ ಮೇಲೆ ಸಂಶಯ. ಆಗಲೂ ಆಫ್ ಆದರೆ ಎಸ್‌ಎಂಪಿಎಸ್ ಬದಲಿಸಿ ನೋಡುವುದು, ಕೊನೆಗೆ ಪ್ರೊಸೆಸರ್ ಕೂರುವ ಸಾಕೆಟ್‌ನ ಪಿನ್ ಬಾಗಿದೆಯೇ ಅಂತ ಟಾರ್ಚ್ ಹಿಡಿದು ಓರೆಯಾಗಿ ನೋಡುವುದು. ಪಿನ್‌ಗಳ ಸಾಲಿನಲ್ಲಿ ಒಂದು ಕಡೆ ಬೆಳಕು ಬೇರೆ ಥರ ಹೊಳೆದರೆ ಅಲ್ಲಿ ಬಾಗಿದೆ ಅಂತ ಅರ್ಥ.

ಪ್ರಶ್ನೆ: ಆಷಾಢ, ಶ್ರಾವಣ ಎರಡೂ ತಿಂಗಳು ಕಂಪ್ಯೂಟರ್ ಮುಟ್ಟಿರಲಿಲ್ಲ. ಈಗ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಒಳಗೆ ಮುಗ್ಗಲು ವಾಸನೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೆ, ಉಪಯೋಗ ಆಗಲಿಲ್ಲ.
– ಗೃಹಿಣಿ, ನಗರ, ಹೊಸನಗರ ತಾಲ್ಲೂಕು

ಮಲೆನಾಡಿನ ಮಳೆಗಾಲದ ಮಟ್ಟಿಗೆ ಇದು ಮಾಮೂಲಿ ರೋಗ, ಮದ್ದೂ ಅಗ್ಗ. ಆದರೆ ಮೊದಲು ಅದನ್ನು ಆಫ್ ಮಾಡಿ, ಕಾರ್ಡ್ ಕಿತ್ತಿಡಿ. ಒಳಗೆ ಪಸೆ ಇರುವಾಗ ಪದೇ ಪದೇ ಆನ್ ಮಾಡಿದರೆ ಕೆಡದೇ ಇದ್ದದ್ದೂ ಕೆಡುತ್ತದೆ. ಪಕ್ಕದ ತಗಡು ತೆಗೆದು, ಮನೆಯ ಒಣಗಿದ ಕೋಣೆಯಲ್ಲಿ ಒಂದು ರಾತ್ರಿ ಟೇಬಲ್ ಫ್ಯಾನ್ ಗಾಳಿಗೆ ಬಿಡಿ. ಒಲೆಯ ಹತ್ತಿರ, ಹೊಗೆ ಅಟ್ಟದ ಮೇಲೆ, ಅಡಿಕೆ ಡ್ರೈಯರ್ ಒಳಗೆ ಇಡುವುದು ಬೇಡ. ಇದನ್ನು ಬರೆಯಬೇಕಾಗಿ ಬಂದಿದೆ ಅಂದರೆ ಕೇಳಿದವರಿದ್ದಾರೆ ಅಂತ ತಿಳಿದುಕೊಳ್ಳಿ.

ಮರುದಿನ ರ‍್ಯಾಮ್ ತೆಗೆಯಿರಿ. ಸ್ಲಾಟ್‌ನ ಕೊನೆಯ ಕ್ಲಿಪ್ ಹೊರಕ್ಕೆ ಒತ್ತಿದರೆ ಸಡಿಲವಾಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ, ಎರಡನೆಯದನ್ನು ಹುಡುಕಿ ಮುರಿಯಬೇಡಿ. ಅಂಚಿನ ಚಿನ್ನದ ಹಲ್ಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆರೋಗ್ಯವಾಗಿದ್ದರೆ ಒಂದೇ ಸಮ ಹಳದಿ ಹೊಳಪು. ಕಿಲುಬು ಹಿಡಿದಿದ್ದರೆ ಹಲ್ಲುಗಳ ನಡುವೆ ಅಲ್ಲಲ್ಲಿ ಮಬ್ಬು ಕಂದು ಬಣ್ಣದ ಚುಕ್ಕೆ, ಕೆಲವೊಮ್ಮೆ ಬೆರಳ ಗುರುತಿನ ಆಕಾರದಲ್ಲೇ ಕಲೆ. ಹಿಂದೆ ಯಾರೋ ಬೆವರ ಕೈಯಲ್ಲಿ ಹಲ್ಲಿನ ಮೇಲೆಯೇ ಹಿಡಿದಿದ್ದರ ಗುರುತು ಅದು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಲ್ಲಿನ ಉದ್ದಕ್ಕೆ, ಮೇಲಿಂದ ತುದಿಯ ಕಡೆಗೆ, ಹಗುರಾಗಿ ಐದಾರು ಸಲ ಉಜ್ಜಿ. ಪೆನ್ ಇಂಕ್ ಅಳಿಸುವ ಮರಳು ಮರಳಾದ ರಬ್ಬರ್ ಬೇಡ, ಅದು ಚಿನ್ನದ ತೆಳು ಲೇಪವನ್ನೇ ಕೆರೆದು ಹಾಕುತ್ತದೆ. ರಬ್ಬರ್ ಪುಡಿ ಸ್ಲಾಟ್‌ಗೆ ಬೀಳದಂತೆ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒಂದು ಕೈ ಒರೆಸಿ ಒಣಗಲು ಬಿಡಿ. ಸ್ಲಾಟ್‌ನ ಒಳಗನ್ನು ಮೆತ್ತನೆ ಒಣ ಬ್ರಷ್‌ನಿಂದ ಗುಡಿಸಿದರೆ ಸಾಕು.

ವಾಪಸ್ ಹಾಕುವಾಗ ಒಂದೇ ರ‍್ಯಾಮ್ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು. ಟಕ್ ಅಂತ ಸದ್ದು ಬರುವವರೆಗೆ ಒತ್ತಬೇಕು. ಎಷ್ಟೋ ಜನ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಪರದೆ ಬಂದರೆ ಎರಡನೆಯದನ್ನು ನಾಲ್ಕನೇ ಸ್ಲಾಟ್‌ಗೆ ಹಾಕಿ. ಬಾರದಿದ್ದರೆ ಅದೇ ಸ್ಲಾಟ್‌ನಲ್ಲಿ ಇನ್ನೊಂದು ರ‍್ಯಾಮ್ ಪ್ರಯತ್ನಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಹಲ್ಲುಗಳಿಗೂ ಇದೇ ಉಪಚಾರ.

ಆಮೇಲೆ ಬ್ಯಾಟರಿ. ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಹೊಸತಿದ್ದಾಗ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಬದಲಿಸುವಾಗ ಕಾರ್ಡ್ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿಹಿಡಿದು, ಬ್ಯಾಟರಿ ಇಲ್ಲದೆ ಐದು ನಿಮಿಷ ಬಿಡಿ. ಬಯೋಸ್‌ನ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶದ) ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ. ಪರದೆ ಬಾರದಿರುವುದಕ್ಕೆ ಕೆಲವೊಮ್ಮೆ ಅದೊಂದೇ ಸಾಕು.

ಸಿಲಿಕಾ ಜೆಲ್ ವಿಚಾರ: ಮುಚ್ಚಿದ ಡಬ್ಬದಲ್ಲಿ ಅದು ಕೆಲಸ ಮಾಡುತ್ತದೆ. ಕ್ಯಾಬಿನೆಟ್ ಅಂದರೆ ನಾಲ್ಕೂ ಕಡೆ ತೂತು. ಒಂದೇ ದಿನದಲ್ಲಿ ಪೊಟ್ಟಣ ತುಂಬಿ ಸುಮ್ಮನಾಗುತ್ತದೆ. ಅದರ ಬದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆ ಯಂತ್ರ ಓಡಿಸಿ, ತನ್ನ ಬಿಸಿಗೆ ತಾನೇ ಒಣಗುತ್ತದೆ. ಹೊರ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟಿಡಿ, ನೆಲದ ಮೇಲಂತೂ ಬೇಡ. ಹಿಂಬದಿಯಲ್ಲಿ ಕಾರ್ಡ್ ಸ್ಲಾಟ್‌ನ ಪಟ್ಟಿ ತೆಗೆದ ಕಿಂಡಿಗಳಿದ್ದರೆ ಮುಚ್ಚಿ. ಹಲ್ಲಿ ಒಳಗೆ ಹೋಗುವುದು ಅಲ್ಲಿಂದಲೇ, ಎಸ್‌ಎಂಪಿಎಸ್ ಹತ್ತಿರದ ಬೆಚ್ಚನೆ ಜಾಗ ಅದಕ್ಕೆ ಇಷ್ಟ. ಆನ್ ಮಾಡುತ್ತಲೇ ಎಂಸಿಬಿ ಬಿದ್ದು ಸುಟ್ಟ ವಾಸನೆ ಬಂದರೆ ಎಸ್‌ಎಂಪಿಎಸ್ ಒಳಗೆ ಏನೋ ಸತ್ತಿದೆ ಅಂತ ಸಂಶಯಪಡಿ.

ಪ್ರಶ್ನೆ: ಬಳಸಿದ ಬಿ450 ಬೋರ್ಡ್, ಹೊಸ ರೈಜನ್ 5 5600, 8 ಜಿಬಿಯ ಎರಡು ರ‍್ಯಾಮ್. ಎಲ್ಲ ಫ್ಯಾನೂ ತಿರುಗುತ್ತವೆ. ಬೋರ್ಡ್‌ನ ಎಚ್‌ಡಿಎಂಐಗೆ ಮಾನಿಟರ್ ಹಾಕಿದರೆ "ಸಿಗ್ನಲ್ ಇಲ್ಲ."
– ಓದುಗರು, ತೀರ್ಥಹಳ್ಳಿ

ಆ ಎಚ್‌ಡಿಎಂಐಯಿಂದ ಸಿಗ್ನಲ್ ಬರುವುದೇ ಇಲ್ಲ. ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ; 5600ಜಿಯಲ್ಲಿ ಇದೆ. ಇಂಟೆಲ್‌ನಲ್ಲೂ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ 12400ಎಫ್, ಗ್ರಾಫಿಕ್ಸ್ ಇಲ್ಲ ಅಂತಲೇ ಅರ್ಥ. ಬೋರ್ಡ್‌ಗೆ ಕಿಂಡಿ ಇರುವುದರಿಂದ ಎಲ್ಲರೂ ಮೋಸ ಹೋಗುತ್ತಾರೆ. ಹಳೆಯದಾದರೂ ಸರಿ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿ, ಮಾನಿಟರನ್ನು ಕಾರ್ಡ್‌ಗೇ ಸಿಕ್ಕಿಸಿ.

ಅದಕ್ಕೂ ಬಾರದಿದ್ದರೆ ಬಯೋಸ್ ಹಳೆಯದಿರಬೇಕು. ಬಿ450 ಬಂದದ್ದು 2018ರಲ್ಲಿ, ನಿಮ್ಮ ಪ್ರೊಸೆಸರ್ 2022ರದ್ದು. ಬಯೋಸ್ ನವೀಕರಿಸದಿದ್ದರೆ ಬೋರ್ಡ್ ಅದನ್ನು ಗುರುತಿಸುವುದಿಲ್ಲ. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ನಲ್ಲಿ ಕಡತ ಹಾಕಿ, ಮ್ಯಾನ್ಯುಯಲ್ ಹೇಳುವ ಹೆಸರಿಟ್ಟು ನೀವೇ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಹಳೆಯ ರೈಜನ್ ಇರುವ ಯಾರಾದರೂ ಪರಿಚಿತರಿಂದ ಆ ಪ್ರೊಸೆಸರನ್ನು ಅರ್ಧ ಗಂಟೆ ಎರವಲು ಪಡೆದು, ಅದನ್ನು ಹಾಕಿ ಬಯೋಸ್ ನವೀಕರಿಸಿ. ಫ್ಲ್ಯಾಶ್ ಆಗುವಾಗ ಕರೆಂಟ್ ಹೋದರೆ ಬೋರ್ಡ್‌ಗೇ ಅಪಾಯ, ಆದ್ದರಿಂದ ಯುಪಿಎಸ್ ಮೇಲೆಯೇ ಮಾಡಿ.

ಪ್ರಶ್ನೆ: ನಮ್ಮದು ಡಿಟಿಪಿ ಕೇಂದ್ರ, ಆರು ಕಂಪ್ಯೂಟರ್. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಟೆಸ್ಟರ್ ಕೂಡ ಉರಿಯುತ್ತದೆ. ಒಂದು ಯಂತ್ರ ಆಗಾಗ ಆನ್ ಆಗುವುದಿಲ್ಲ. ಎಸ್‌ಎಂಪಿಎಸ್ ಬದಲಿಸಿದರೂ ಶಾಕ್ ಹೋಗಲಿಲ್ಲ.
– ಓದುಗರು, ಸೊರಬ

ಹೋಗುವುದಿಲ್ಲ, ಏಕೆಂದರೆ ತಪ್ಪು ಎಸ್‌ಎಂಪಿಎಸ್‌ನದಲ್ಲ. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲೇ ಫೇಸ್‌ನಿಂದ ಮೈತಗಡಿಗೆ ಒಂದು, ನ್ಯೂಟ್ರಲ್‌ನಿಂದ ಮೈತಗಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತವೆ, ಗದ್ದಲ ಸೋಸಲು. ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ ಅರ್ತ್ ತಂತಿ ಹಿಡಿದು ನೆಲ ಸೇರಬೇಕು. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧ, ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಜುಮ್ ಅನ್ನುವುದು ಅದೇ. ಹೆಸರಾಂತ ಕಂಪನಿಯ ಎಸ್‌ಎಂಪಿಎಸ್ ಹಾಕಿದರೂ ಅರ್ತ್ ಇಲ್ಲದಿದ್ದರೆ ಜುಮ್ ಅನ್ನಲೇಬೇಕು. ಹೀಗೆ ತೇಲುತ್ತಿರುವ ಯಂತ್ರಕ್ಕೆ ಟಿವಿ ಅಥವಾ ಪ್ರಿಂಟರ್‌ನ ಕೇಬಲ್ ಸಿಕ್ಕಿಸುವಾಗ ಕಿಡಿ ಹಾರಿ ಎಚ್‌ಡಿಎಂಐ, ಯುಎಸ್‌ಬಿ ಪೋರ್ಟ್‌ಗಳು ಸುಡುವುದುಂಟು.

ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಮೀಟರ್ ಎಸಿ 600 ಅಥವಾ 750ರಲ್ಲಿರಲಿ. ಫೇಸ್-ನ್ಯೂಟ್ರಲ್ 230 ಆಸುಪಾಸು, ಫೇಸ್-ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟ್‌ನ ಒಳಗೆ. ಫೇಸ್-ಅರ್ತ್ 60, 100 ಅಂತ ಅಲುಗಾಡುತ್ತಿದ್ದರೆ ಅರ್ತ್ ತಂತಿ ಎಲ್ಲೋ ಕಡಿದಿದೆ, ಇಲ್ಲವೇ ಹಾಕಿಯೇ ಇಲ್ಲ. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ವಿದ್ಯುತ್ತನ್ನು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಮಾರ್ಚ್-ಏಪ್ರಿಲ್ ಹೊತ್ತಿಗೆ ಸೋಲುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಹೊಂಡಕ್ಕೆ ನೀರು ಹಾಕಿಸಿ. ಅರ್ತ್ ಮೆಗ್ಗರ್‌ನಲ್ಲಿ (ಅರ್ತ್‌ನ ರೋಧ ಅಳೆಯುವ ಮೀಟರ್) 5 ಓಮ್‌ಗಿಂತ ಕಡಿಮೆ ಬಂದರೆ ಚೆನ್ನ.

ಕೆಲವರು ಸಾಕೆಟ್‌ನ ಒಳಗೇ ನ್ಯೂಟ್ರಲನ್ನು ಅರ್ತ್ ಪಿನ್‌ಗೆ ಸುತ್ತಿ "ಶಾಕ್ ಹೋಯ್ತು" ಅನ್ನುತ್ತಾರೆ. ಯಾರೇ ಹಾಗೆ ಮಾಡಲು ಬಂದರೂ ಬಿಡಬೇಡಿ. ಕಂಬದಿಂದ ಬರುವ ನ್ಯೂಟ್ರಲ್ ಕಡಿದ ದಿನ ಆರೂ ಕ್ಯಾಬಿನೆಟ್‌ಗಳ ಮೈಮೇಲೆ ಪೂರ್ತಿ 230 ವೋಲ್ಟ್ ಕೂರುತ್ತದೆ.

ಅರ್ತ್ ಸರಿಹೋದ ಮೇಲೆ ಒಂದು ಹೊಸ ತಲೆನೋವು ಕಾಣಿಸಬಹುದು: 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ನೆಲಕ್ಕೆ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬೀಳುವುದು. ಪ್ರತಿ ಯಂತ್ರಕ್ಕೂ 3.5 ಮಿಲಿಆಂಪಿಯರ್‌ವರೆಗೆ ಸೋರಿಕೆಗೆ ಅವಕಾಶ ಇದೆ. ಆರು ಯಂತ್ರ, ಮಾನಿಟರ್, ಪ್ರಿಂಟರ್ ಎಲ್ಲ ಕೂಡಿದರೆ ಹತ್ತಿರ ಬರುತ್ತದೆ. ಆರ್‌ಸಿಸಿಬಿ ತೆಗೆಸಬೇಡಿ, ಯಂತ್ರಗಳನ್ನು ಎರಡು ಆರ್‌ಸಿಸಿಬಿಗೆ ಹಂಚಿಸಿ.

ಆಗಾಗ ಆನ್ ಆಗದ ಆ ಒಂದು ಯಂತ್ರ ಬೇರೆ ವಿಷಯ. ಎರಡು ಮೂರು ಸಲ ಒತ್ತಿದ ಮೇಲಷ್ಟೇ ಎದ್ದರೆ, ಅದೂ ಬೆಳಗ್ಗೆಯ ಥಂಡಿಯಲ್ಲಿ ಮಾತ್ರ ಹೀಗಾದರೆ, ವಯಸ್ಸಾದ ಕೆಪಾಸಿಟರ್‌ಗಳ ಕೆಲಸ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಕಲೆ ಇದ್ದರೆ ಬೋರ್ಡ್ ರಿಪೇರಿಗೆ ಬಂದಿದೆ.

ಪ್ರಶ್ನೆ: ಮನೆಗೆಲ್ಲ ಇನ್ವರ್ಟರ್ ಇದೆ. ಕರೆಂಟ್ ಹೋದ ಕೂಡಲೇ ಬಲ್ಬ್ ಆರುವುದಿಲ್ಲ, ಆದರೆ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಸಂಜೆ ಹೊತ್ತು ಒಮ್ಮೊಮ್ಮೆ ಆನೇ ಆಗುವುದಿಲ್ಲ.
– ಅಡಿಕೆ ಬೆಳೆಗಾರರು, ಕೊಪ್ಪ

ಎರಡು ತೊಂದರೆ ಸೇರಿಕೊಂಡಿವೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ನಡುವಿನ ಗಳಿಗೆಯನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನ ದಾಸ್ತಾನಿನಿಂದ ದಾಟಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದ್ದರೆ ಅಷ್ಟರೊಳಗೆ ಬದಲಾಗುತ್ತದೆ, ನಾರ್ಮಲ್ ಮೋಡ್‌ನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು. ಬಲ್ಬ್‌ಗೆ ಅದು ತಿಳಿಯುವುದೇ ಇಲ್ಲ. ಇನ್ವರ್ಟರ್ ಹಿಂಬದಿಯ ಸ್ವಿಚ್ ಯಾವುದರಲ್ಲಿದೆ ನೋಡಿ.

ಆದರೆ ಯುಪಿಎಸ್ ಮೋಡ್‌ಗೆ ಹಾಕಿದರೆ ಇನ್ನೊಂದು ಪೇಚು. ಆ ಮೋಡ್ ಸಾಮಾನ್ಯವಾಗಿ 180ರಿಂದ 260 ವೋಲ್ಟ್ ಇದ್ದರೆ ಮಾತ್ರ ಲೈನನ್ನು ಒಪ್ಪುತ್ತದೆ. ನಾರ್ಮಲ್ ಮೋಡ್ 100ರಿಂದ 290ರವರೆಗೆ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಪಂಪ್‌ಸೆಟ್, ಮಿಕ್ಸಿ, ಟಿವಿ ಎಲ್ಲ ಓಡುವಾಗ ವೋಲ್ಟೇಜ್ 170ಕ್ಕೆ ಇಳಿದರೆ ಇನ್ವರ್ಟರ್ ಕರೆಂಟ್ ಇದ್ದರೂ ಬ್ಯಾಟರಿ ಮೇಲೆಯೇ ಕೂತು ಬ್ಯಾಟರಿ ಬರಿದು ಮಾಡುತ್ತದೆ. ನಿಮ್ಮ ಸಂಜೆಯ ತೊಂದರೆಗೂ ಇದೇ ಮೂಲ ಇರಬೇಕು. ಎಸ್‌ಎಂಪಿಎಸ್‌ನ ಚೀಟಿ ಓದಿ: 100-240 ಅಂತ ಇದ್ದರೆ ಇಳಿದ ವೋಲ್ಟೇಜ್‌ನಲ್ಲೂ ಏಳುತ್ತದೆ, 200-240 ಅಂತ ಮಾತ್ರ ಇದ್ದರೆ 170ರಲ್ಲಿ ಏಳದಿರುವುದು ಅದರ ತಪ್ಪಲ್ಲ. ಸಂಜೆ ಏಳು ಗಂಟೆಗೆ ಸಾಕೆಟ್ ವೋಲ್ಟೇಜ್ ಅಳೆದು ಬರೆದಿಡಿ. ದಿನವೂ 200ಕ್ಕಿಂತ ಕೆಳಗೇ ಇದ್ದರೆ ಆ ಅಂಕಿ ಹಿಡಿದು ಮೆಸ್ಕಾಂನ 1912ಕ್ಕೆ ತಿಳಿಸಿ.

ನಮ್ಮ ಸಲಹೆ: ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲೇ ಇರಲಿ, ಕಂಪ್ಯೂಟರ್‌ಗೆ ಮಾತ್ರ ಬೇರೆ ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿ. 600 ವಿಎ ಅಂತ ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಕಚೇರಿ ಕೆಲಸದ ಯಂತ್ರಕ್ಕೆ ಸಾಕು, ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ ನೋಡಿ. ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೋಲುತ್ತದೆ. ಬ್ಯಾಟರಿ ಸತ್ತರೆ ಎಷ್ಟೋ ಯುಪಿಎಸ್‌ಗಳು ಲೈನ್ ಇದ್ದರೂ ಆನ್ ಆಗುವುದಿಲ್ಲ, ಬೈಗುಳ ಮಾತ್ರ ಕಂಪ್ಯೂಟರ್‌ಗೆ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಅದರ ಮೇಲೆ ಗುಯ್ ಅನ್ನುತ್ತದೆ ಅಥವಾ ಕೈಕೊಡುತ್ತದೆ. ಹೊಸ ಇನ್ವರ್ಟರ್ ಕೊಳ್ಳುವಾಗ ಸೈನ್ ವೇವ್‌ನದೇ ಕೊಳ್ಳಿ.

ಪ್ರಶ್ನೆ: ಗುಡುಗಿನ ದಿನ ಮೇನ್ ಸ್ವಿಚ್ ಆಫ್ ಮಾಡಿದ್ದೆವು. ಆದರೂ ಕಂಪ್ಯೂಟರ್ ಹೋಯಿತು. ಹೇಗೆ?
– ಓದುಗರು, ರಿಪ್ಪನ್‌ಪೇಟೆ

ಮೇನ್ ಸ್ವಿಚ್‌ನ ಒಳಗಿನ ಸಂದು ಕೆಲವೇ ಮಿಲಿಮೀಟರ್. ಆಕಾಶದಿಂದ ನೆಲಕ್ಕೆ ಜಿಗಿದ ಸಿಡಿಲಿಗೆ ಅದು ಲೆಕ್ಕವಲ್ಲ. ಅಲ್ಲದೆ ಇಂಟರ್‌ನೆಟ್‌ನ ದಾರಿ ತೆರೆದೇ ಇತ್ತು. ಫೈಬರ್‌ನ ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ ನಿಜ, ಆದರೆ ಮನೆಗೆ ಎಳೆಯುವ ಹಲವು ಡ್ರಾಪ್ ಕೇಬಲ್‌ಗಳಲ್ಲಿ ಎಳೆತಕ್ಕೆ ಅಂತ ಉಕ್ಕಿನ ತಂತಿಯೂ ಇರುತ್ತದೆ, ಮೋಡೆಮ್‌ನ ಅಡಾಪ್ಟರ್ ಇದೆ, ಅಲ್ಲಿಂದ ಕಂಪ್ಯೂಟರ್‌ಗೆ ತಾಮ್ರದ ಲ್ಯಾನ್ ವೈರ್. ಪ್ಲಗ್ಗನ್ನೇ ಕೀಳಬೇಕು, ಲ್ಯಾನ್ ವೈರನ್ನೂ ಕೀಳಬೇಕು, ಅದೂ ಗುಡುಗು ದೂರದಲ್ಲಿರುವಾಗಲೇ. ತಲೆಯ ಮೇಲೆ ಸಿಡಿಲು ಬರುವಾಗ ವೈರ್‌ಗಳಿಗೆ ಕೈ ಹಾಕಬೇಡಿ, ಕಂಪ್ಯೂಟರ್ ಹೋದರೆ ಹೋಗಲಿ.

ಈಗ ಮೊದಲ ಉತ್ತರದಲ್ಲಿ ಹೇಳಿದ ನೇರಳೆ ತಂತಿಯ ಪರೀಕ್ಷೆ, ಕ್ಲಿಪ್ ಪರೀಕ್ಷೆ ಮಾಡಿ. ಎಸ್‌ಎಂಪಿಎಸ್ ಒಂದೇ ಹೋಗಿ ಬೋರ್ಡ್ ಉಳಿದಿರುವ ಸಾಧ್ಯತೆ ಇದೆ. ಎಸ್‌ಎಂಪಿಎಸ್ ಸರಿಯಿದ್ದು ಬೋರ್ಡ್ ಏಳದಿದ್ದರೆ ಲ್ಯಾನ್ ಪೋರ್ಟ್ ಸುತ್ತ ಕಪ್ಪಾಗಿದೆಯೇ ನೋಡಿ. ಆ ಚಿಪ್ ಶಾರ್ಟ್ ಆಗಿದ್ದರೆ ಚಿಪ್ ಮಟ್ಟದ ರಿಪೇರಿಯವರು ಅದೊಂದನ್ನು ಕಿತ್ತು ಬೋರ್ಡ್ ಎಬ್ಬಿಸಬಲ್ಲರು, ಆಮೇಲೆ ಅಗ್ಗದ ಲ್ಯಾನ್ ಕಾರ್ಡ್ ಹಾಕಿಕೊಳ್ಳಬಹುದು. ಮುಂದಕ್ಕೆ ಮೀಟರ್ ಬೋರ್ಡ್ ಹತ್ತಿರ ಎಸ್‌ಪಿಡಿ (ಹಠಾತ್ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿಸಿ. ಅರ್ತ್ ಸರಿಯಿಲ್ಲದಿದ್ದರೆ ಅದೂ ದಂಡ, ಸ್ಪೈಕ್ ಬಸ್ಟರೂ ದಂಡ.

ಪ್ರಶ್ನೆ: ಎಎಂ5 (ರೈಜನ್‌ನ ಹೊಸ ಸಾಕೆಟ್) ಬೋರ್ಡ್, ಡಿಡಿಆರ್5 ರ‍್ಯಾಮ್. ಮೊದಲ ಸಲ ಆನ್ ಮಾಡಿದಾಗ ಎರಡು ನಿಮಿಷ ಕಾದರೂ ಪರದೆ ಬರಲಿಲ್ಲ, ಡಿರ‍್ಯಾಮ್ ಲೈಟ್ ಉರಿಯುತ್ತಿತ್ತು. ಆಫ್ ಮಾಡಿದೆ.
– ವಿದ್ಯಾರ್ಥಿನಿ, ಭದ್ರಾವತಿ

ಮತ್ತೆ ಆನ್ ಮಾಡಿ ಹದಿನೈದು ನಿಮಿಷ ಮುಟ್ಟದೆ ಬಿಡಿ. ಮೊದಲ ಸಲ ಬೋರ್ಡ್ ರ‍್ಯಾಮ್ ಜತೆ ವೇಗ ಹೊಂದಿಸಿಕೊಳ್ಳುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪೇ. ನಡುವೆ ಆಫ್ ಮಾಡಿದರೆ ಮೊದಲಿಂದ ಶುರು. ನಾಲ್ಕು ರ‍್ಯಾಮ್ ಇದ್ದರೆ ಇನ್ನೂ ನಿಧಾನ. ಒಂದೇ ರ‍್ಯಾಮ್‌ನಿಂದ ಶುರುಮಾಡುವುದು ಜಾಣತನ. ಬ್ಯಾಟರಿ ತೆಗೆದಾಗ, ಬಯೋಸ್ ಬದಲಿಸಿದಾಗ ಮತ್ತೆ ಇಷ್ಟೇ ಕಾಯಬೇಕಾಗುತ್ತದೆ.

ಪ್ರಶ್ನೆ: ಕ್ಯಾಬಿನೆಟ್ ಜತೆ ಬಂದ "450 ವ್ಯಾಟ್" ಎಸ್‌ಎಂಪಿಎಸ್‌ಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಆನ್ ಆಗುತ್ತಿಲ್ಲ. ಎಸ್‌ಎಂಪಿಎಸ್ ಬಿಚ್ಚಿ ಒಳಗೆ ಏನಾದರೂ ಮಾಡಬಹುದೇ?
– ಓದುಗರು, ಶಿಕಾರಿಪುರ

ಚೀಟಿಯಲ್ಲಿ 12 ವೋಲ್ಟ್‌ನ ಮುಂದೆ ಬರೆದ ಆಂಪಿಯರ್ ನೋಡಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್, ಮೇಲಿನ 450 ಬರೀ ಜಾಹೀರಾತು. ಆ ಕಾರ್ಡ್ ಒಂದೇ 170 ವ್ಯಾಟ್ ಕೇಳುತ್ತದೆ, ಪ್ರೊಸೆಸರ್ ಬೇರೆ. ಕಾರ್ಡ್ ತಯಾರಕರ ಶಿಫಾರಸು 550 ವ್ಯಾಟ್. ಕಾರ್ಡ್‌ನ ಮೇಲಂಚಿನ ಪವರ್ ಕನೆಕ್ಟರ್‌ಗೆ ವೈರ್ ಹಾಕಿದ್ದೀರಾ ಅಂತ ಒಮ್ಮೆ ನೋಡಿ. ಹಾಕಿದ್ದೂ ಏಳದಿದ್ದರೆ ಹೊಸ ಎಸ್‌ಎಂಪಿಎಸ್ ಕೊಳ್ಳುವುದೇ ದಾರಿ.

ಬಿಚ್ಚುವುದು ಬೇಡವೇ ಬೇಡ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್, ಆ್ಯಕ್ಟಿವ್ ಪಿಎಫ್‌ಸಿ ಇದ್ದರೆ 380ಕ್ಕೂ ಮೇಲೆ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಧೂಳು ತೆಗೆಯಬೇಕಿದ್ದರೆ ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಒಂದು ಕಡ್ಡಿಯಿಂದ ತಡೆದು, ಹೊರಗಿನಿಂದಲೇ ಬ್ಲೋಯರ್ ಹಿಡಿಯಿರಿ.